ಏನೇನು ತಗೋತಿದೀರಿ ಎಂದು ಕೇಳುತ್ತಿದ್ದವರು

"ಏನೇನ್ ತಗೋತಿದೀರ?"

ಬೇರೆಯವರು ನಮಸ್ಕಾರ ಎನ್ನುವ ಕಡೆ ಅವರು ಇದನ್ನು ಕೇಳುತ್ತಿದ್ದರು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಗೈದರ್ಸ್‌ಬರ್ಗಿನಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೆ ಅವರದು. ನಾವು ಆ ಸಾಲುಮನೆಗೆ ಬಂದ ದಿನ ನಾನೂ ನನ್ನ ಗೆಳೆಯನೂ ಸೋಫಾದ ಸಮೇತ ಬಾಗಿಲಲ್ಲಿ ಸಿಕ್ಕಿಕೊಂಡು ಕನ್ನಡದಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದೆವು. ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದ ಅವರು ನನ್ನ ಮುಖವನ್ನು ಚೆನ್ನಾಗಿ ನೋಡಿ, "ಮುಖ ಕೆಂಪಗಾಗಿದೆ. ಬಿಪಿಗೆ ಏನ್ ತಗೋತಿದೀರ?" ಎಂದರು. ನಾನು ಮಾತ್ರೆಯ ಹೆಸರು ಹೇಳಿದೆ. ನನಗೆ ಬಿಪಿ ಇದೆಯೆಂದು ನನ್ನ ಹೆಂಡತಿ ಶಾಹೀನ್‌ಗೆ ಗೊತ್ತಾದದ್ದು ಹಾಗೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನ ಮಗಳ ಮನೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ಕುರ್ಚಿಯಲ್ಲಿ ಕೂತಲ್ಲೇ ಹೃದಯ ನಿಂತಿತು. ನಾನು ಮುಂದೆ ಬರೆಯುವ ಸಂಗತಿಗೂ ಆ ಸಾವಿಗೂ ಸಂಬಂಧವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಅವರಿದ್ದಿದ್ದರೆ ಹಾಗೇ ಹೇಳಿಸುತ್ತಿದ್ದರು. ಒಂದು ಆದ ಮೇಲೆ ಇನ್ನೊಂದು ಆಯಿತು ಎನ್ನುವುದಕ್ಕೂ ಒಂದರಿಂದ ಇನ್ನೊಂದು ಆಯಿತು ಎನ್ನುವುದಕ್ಕೂ ಇರುವ ದೂರವನ್ನು ಕಾಯುವುದೇ ಅವರ ಉದ್ಯೋಗವಾಗಿತ್ತು.

ಅವರು ಔಷಧ ತಯಾರಿಸುವ ಒಂದು ಕಂಪನಿಯಲ್ಲಿ ಸುರಕ್ಷತೆಯ ವಿಭಾಗ ನೋಡಿಕೊಳ್ಳುತ್ತಿದ್ದರು. ಯಾರೋ ಎಲ್ಲೋ ಒಂದು ಮಾತ್ರೆ ನುಂಗಿ ತಲೆ ತಿರುಗಿ ಬಿದ್ದರೆ ಆ ಸುದ್ದಿ ಅವರ ಮೇಜಿಗೆ ಬರುತ್ತಿತ್ತು. ಆ ಮನುಷ್ಯ ಇನ್ನೇನು ನುಂಗಿದ್ದ ಎಂದು ಹುಡುಕುವುದು ಅವರ ಕೆಲಸ. ಆಫೀಸಿನಲ್ಲಿ ಮಾಡಿದ್ದು ಸಾಲದೆಂಬಂತೆ ಅದನ್ನೇ ಅವರು ಕನ್ನಡ ಸಂಘದ ಯುಗಾದಿ ಊಟದಲ್ಲೂ ಮಾಡುತ್ತಿದ್ದರು. ಸ್ಕೂಲ್ ಕೆಫೆಟೇರಿಯಾದಲ್ಲಿ ಪೇಪರ್ ಪ್ಲೇಟ್ ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಹೋಗುವರು. ಮಕ್ಕಳು "ಡೋಸ್ ಅಂಕಲ್ ಈಸ್ ಕಮಿಂಗ್" ಎಂದು ಪಿಸುಗುಟ್ಟುವವು.

"ಏನೇನ್ ತಗೋತಿದೀರ?"

"ಶುಗರ್‌ಗೆ ಒಂದು ಸರ್."

"ಅಷ್ಟೇನಾ?"

"ಅಷ್ಟೇ ಸರ್."

"ಊರಿಂದ ಬಂದಿದ್ದು?"

"ಅದು ಅಮ್ಮ ಕಳ್ಸಿರೋ ಕಷಾಯದ ಪುಡಿ. ಔಷಧಿ ಅಲ್ವಲ್ಲ ಅದು."

"ಔಷಧಿ ಅಲ್ದಿದ್ರೆ ಯಾಕ್ ಕುಡೀತೀರ? ಒಳಗ್ ಹೋಗಿದ್ದೆಲ್ಲಾ ಒಳಗ್ ಹೋದ ಹಾಗೇ ಸ್ವಾಮಿ."

ಹೀಗೆ ನಮ್ಮ ಸಂಘದ ಎಲ್ಲರ ಹೊಟ್ಟೆಯೊಳಗೆ ಏನಿದೆ ಎಂದು ಅವರಿಗೆ ತಿಳಿದಿತ್ತು. ಅವರು ಯಾರ ಗುಟ್ಟನ್ನೂ ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಸೋಫಾದ ದಿನವೊಂದನ್ನು ಬಿಟ್ಟರೆ.

ಅವರ ಕಸುಬಿನ ಒಳಮಾತನ್ನು ನನಗೆ ಒಮ್ಮೆ ಹೇಳಿದ್ದರು. ನಾವಿಬ್ಬರೂ ಮನೆ ಮುಂದಿನ ಹಿಮ ತಳ್ಳುತ್ತಿದ್ದೆವು. "ಎಲ್ರೂ ಒಂದನ್ನ ಬಿಟ್ಟೇ ಹೇಳ್ತಾರೆ ಸಾಹೇಬ್ರೆ. ಬಿಡೋವಾಗ ಮಾತ್ರ ಕಣ್ಣು ಕಾಲಿಗೆ ಹೋಗತ್ತೆ, ಚಪ್ಲಿ ನೋಡ್ಕೋತಾರೆ. ಮತ್ತೆ ಒಂದ್ಸಲ ಇಲ್ಲ ಅಂದ್ರೆ ಮುಗೀತು. ಸಾಯ್ತಾರೆ ಹೊರ್ತು ತಿದ್ಕೊಳಲ್ಲ." ಸಾಹೇಬ್ರೆ ಎಂದರೆ ನಾನು. ಮೈಸೂರಿನ ಅವರ ಬೀದಿಯಲ್ಲಿ ನಮ್ಮ ಜನರನ್ನು ಹಾಗೇ ಕರೆಯುತ್ತಿದ್ದರಂತೆ. ಅವರ ಬಾಯಲ್ಲಿ ಅದು ಚುಚ್ಚುತ್ತಿರಲಿಲ್ಲ. ನಾನು ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸದಲ್ಲಿರುವವನು, ಇಂಥ ಮಾತು ಕೇಳಿದರೆ ಮರೆಯುವುದಿಲ್ಲ.

ಅವರನ್ನು ನೋಡಿ ನಗುವ ಧೈರ್ಯ ಇದ್ದದ್ದು ಅವರ ಹೆಂಡತಿಗೆ ಮಾತ್ರ. "ನಮ್ಮನೇಲಿ ಉಪ್ಪಿನಕಾಯಿ ಹಾಕೋಕೂ ಇವರ ಅಪ್ರೂವಲ್ ಬೇಕು ಕಣ್ರೀ" ಎಂದು ಶಾಹೀನ್‌ಗೆ ಹೇಳುತ್ತಿದ್ದರು. ಆಕೆಯ ತವರಿನದೊಂದು ಸಣ್ಣ ಹಿತ್ತಾಳೆ ಕಾಫಿ ಫಿಲ್ಟರ್ ಇತ್ತು. ಬೆಳಗ್ಗೆ ಅದರಿಂದ ಒಂದು ಲೋಟ ಕಾಫಿ ಅವರಿಗೆ ಸಿಗುತ್ತಿತ್ತು. ಎರಡನೆಯದನ್ನು ಅವರು ಯಾರ ಮನೆಯಲ್ಲೂ, ಯಾವ ಒತ್ತಾಯಕ್ಕೂ ಮುಟ್ಟುತ್ತಿರಲಿಲ್ಲ. "ಡೋಸ್ ಆಯ್ತು" ಎನ್ನುವರು.

ಆಕೆ ಎರಡು ಸಾವಿರದ ಇಪ್ಪತ್ತರಲ್ಲಿ ಹೋದರು. ಆಗ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ನಾವೆಲ್ಲ ಪರದೆಯ ಮೇಲೆ ಸಣ್ಣ ಚೌಕಗಳಲ್ಲಿ ಕೂತು ಸಂಸ್ಕಾರ ನೋಡಿದೆವು. ಸಂಘದ ಯಾರೋ ಮ್ಯೂಟ್ ಮಾಡುವುದನ್ನು ಮರೆತಿದ್ದರು, ಮಂತ್ರದ ನಡುವೆ ಅವರ ಕುಕ್ಕರ್ ಕೂಗಿತು. ಇವರು ಪರದೆಯ ಹತ್ತಿರ ಮುಖ ತಂದು, "ಅಕ್ಕಿ ತಳ ಹಿಡಿಯತ್ತೆ, ಯಾರೋ ನೋಡಿ" ಎಂದರು. ಆಮೇಲೆ ಎಲ್ಲರನ್ನೂ ಮ್ಯೂಟ್ ಮಾಡಿದರು. ಅವರು ಅತ್ತದ್ದನ್ನು ಆ ದಿನ ನಾವು ಯಾರೂ ನೋಡಲಿಲ್ಲ.

ಅನಂತರದ ಕೆಲವು ತಿಂಗಳು ಗೋಡೆಯಾಚೆ ಮಾತಿನ ಸದ್ದೇ ಇರಲಿಲ್ಲ. ಬೆಳಗ್ಗೆ ಅವರ ನಲ್ಲಿ ತಿರುಗಿದ ಸದ್ದು ಕೇಳುವವರೆಗೆ ಶಾಹೀನ್ ನನ್ನನ್ನು ಕೆಲಸಕ್ಕೆ ಕೂರಲು ಬಿಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತಿರುವರು, ಗಡ್ಡ ಬಿಟ್ಟಿರುವರು, ನಾನು ಹೋಗಿ ಪಕ್ಕದಲ್ಲಿ ಕೂತರೂ ಏನು ತಗೋತಿದೀರಿ ಎಂದು ಕೇಳುತ್ತಿರಲಿಲ್ಲ. ಮತ್ತೆ ಒಂದು ದಿನ ಗಡ್ಡ ತೆಗೆದು ಬಂದು, ನನ್ನ ಬಿಪಿ ವಿಚಾರಿಸಿದರು. ನಾವು ದೇವರಿಗೆ ಶುಕ್ರಿಯಾ ಹೇಳಿದೆವು. ಅದರಲ್ಲಿ ದೇವರ ಜೊತೆಗೆ ಇನ್ನೊಂದರ ಪಾಲೂ ಇದ್ದಿರಬಹುದು ಎಂದು ಆಗ ನಮಗೆ ಹೊಳೆಯಲಿಲ್ಲ.

ಜನ ಮಾಸ್ಕ್ ತೆಗೆದು ಮತ್ತೆ ಒಟ್ಟಿಗೆ ಕೂರತೊಡಗಿದ ಕಾಲದಲ್ಲಿ ಅವರು ನನ್ನನ್ನು ಕರೆದು, "ಸಾಹೇಬ್ರೆ, ನನ್ ಜೊತೆ ಕೆರೊಲಿನಾಗ್ ಬರ್ತೀರಾ? ಒಂದ್ ಚರ್ಚಿಗೆ" ಎಂದರು.

"ಚರ್ಚಿಗೆ ನಾನ್ಯಾಕೆ ಸರ್?"

"ಅಲ್ಲಿ ಒಂದು ಟೀ ಕೊಡ್ತಾರೆ. ಹೊಸಬ್ರು ಅದನ್ನ ಕುಡಿದ್ಮೇಲೆ ಡ್ರೈವ್ ಮಾಡೋ ಹಾಗಿಲ್ಲ. ಕುಡೀದೇ ಇರೋರು ಒಬ್ರು ಜೊತೇಲ್ ಬೇಕಂತೆ. ಸಂಘದಲ್ ಯಾರನ್ನ ಕರ್ದ್ರೂ 'ನಂಗೂ ಒಂದ್ ಸಿಪ್' ಅಂತಾರೆ. ನೀವ್ ಹೇಗಿದ್ರೂ ಕುಡಿಯಲ್ಲ."

ನನ್ನ ಧರ್ಮಶ್ರದ್ಧೆಗೆ ಅಷ್ಟು ನೇರವಾದ ಉಪಯೋಗವನ್ನು ಅದಕ್ಕೆ ಮೊದಲು ಯಾರೂ ಕಂಡುಹಿಡಿದಿರಲಿಲ್ಲ.

ಅವರೊಂದಿಗೆ ಕೆಲಸ ಮಾಡಿ ನಿವೃತ್ತಳಾದ ಅಮೆರಿಕನ್ ಹೆಂಗಸೊಬ್ಬಳು ಆ ಚರ್ಚಿನವಳು. ಅದು ಮೂಲತಃ ಬ್ರೆಜಿಲ್ ದೇಶದ ಕಾಡಿನಲ್ಲಿ ಹುಟ್ಟಿದ ಪಂಥ. ಯೇಸು, ಮೇರಿ, ಸಂತರು ಎಲ್ಲ ಇದ್ದಾರೆ. ಅವರ ಜೊತೆಗೆ ಕಾಡಿನ ದೇವತೆಗಳೂ ಇದ್ದಾರೆ. ಬೇರೆ ಚರ್ಚುಗಳಲ್ಲಿ ಪ್ರಸಾದವಾಗಿ ದ್ರಾಕ್ಷಾರಸ ಕೊಡುವ ಜಾಗದಲ್ಲಿ ಇವರು ಒಂದು ಬಳ್ಳಿಯನ್ನೂ ಒಂದು ಗಿಡದ ಎಲೆಯನ್ನೂ ಕೂಡಿಸಿ ಕುದಿಸಿದ ಕಷಾಯ ಕೊಡುತ್ತಾರೆ. ಕುಡಿದವರಿಗೆ ವಾಂತಿಯಾಗುತ್ತದೆ, ಕಣ್ಣು ಮುಚ್ಚಿದರೆ ಏನೇನೋ ಕಾಣುತ್ತದೆ, ಸತ್ತವರೂ ಕಾಣುತ್ತಾರೆ ಎನ್ನುತ್ತಾರೆ. ಇಂಥ ಕೆಲವು ಚರ್ಚುಗಳಿಗೆ ಈ ದೇಶದಲ್ಲಿ ಕೋರ್ಟಿನ ಮೂಲಕ ಅನುಮತಿ ಸಿಕ್ಕಿದೆ. ಇವರದು ಅರ್ಜಿ ಹಾಕಿ ಕಾಯುತ್ತಿತ್ತು. ನಾನೂ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಕಾಯುವವನು ಕಾಯುವವರ ಮನೆಗೆ ಹೋಗುವುದು ಜಾಣತನವೇ ಎಂದು ಶಾಹೀನ್ ಕೇಳಿದಳು. "ನಾನು ಬೆಂಚಿನ ಮೇಲೆ ಕೂರ್ತೀನಿ ಅಷ್ಟೆ" ಎಂದೆ.

"ನಿಮಗ್ಯಾಕ್ ಸರ್ ಅದೆಲ್ಲ?" ಎಂದು ದಾರಿಯಲ್ಲಿ ಕೇಳಿದೆ.

ವರ್ಜೀನಿಯಾ ಪೂರ್ತಿ ಮುಗಿಯುವವರೆಗೆ ಅವರು ಉತ್ತರ ಕೊಡಲಿಲ್ಲ. ಆಮೇಲೆ, "ಅಲ್ಲಿ ಗಂಡಸರ ಸಾಲಲ್ಲೂ ಅಳ್ತಾರಂತೆ. ಜೋರಾಗಿ. ಹಾಡ್ ಹೇಳ್ಕೊಂಡು. ಅಳೋಕೊಂದ್ ಟೈಮ್ ಟೇಬಲ್ ಇದೆಯಂತೆ ಸಾಹೇಬ್ರೆ" ಎಂದರು.

ಹೋಗುವಾಗ ಫೋರ್ಟ್ ಮಿಲ್‌ನಲ್ಲಿ ಮಗಳ ಮನೆಯಲ್ಲಿ ಉಳಿದೆವು. ಮಗಳು ಐದು ವರ್ಷದವಳಿದ್ದಾಗ ಈ ದೇಶಕ್ಕೆ ಬಂದವಳು, ಗಂಡನ ಬ್ಯಾಂಕ್ ಕೆಲಸ ಶಾರ್ಲೆಟ್‌ನಲ್ಲಿ. ನಾವು ಒಬ್ಬ ಹಳೆಯ ಸಹೋದ್ಯೋಗಿಯನ್ನು ನೋಡಲು ಹೊರಟಿದ್ದೇವೆಂದು ಅವಳಿಗೆ ಹೇಳಲಾಗಿತ್ತು. ಅದು ಸುಳ್ಳೂ ಅಲ್ಲ. ಅವಳು ಬೆಳಗ್ಗೆ ಮಗುವಿನ ಲಂಚ್ ಕಟ್ಟುತ್ತಾ ಸಿಂಕಿನ ಬಳಿ ಏನೋ ನುಂಗಿದಳು.

"ಏನಮ್ಮಾ ತಗೋತಿದೀಯ?"

"ವಿಟಮಿನ್ ಡಿ ಅಪ್ಪ. ಜಸ್ಟ್ ವಿಟಮಿನ್ ಡಿ."

ಅವರು ಮುಂದೆ ಕೇಳಲಿಲ್ಲ. ಅವರು ಎರಡನೆಯ ಪ್ರಶ್ನೆ ಕೇಳದೆ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚರ್ಚು ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಹಿಂದೆ ಸೋಫಾ, ಮಂಚ ಮಾರುತ್ತಿದ್ದ ತಗಡಿನ ಕಟ್ಟಡ, ಸುತ್ತ ಪೈನ್ ಮರಗಳು. ಒಳಗೆ ನಡುವೆ ಒಂದು ಮೇಜು, ಅದರ ಮೇಲೆ ಎರಡು ಅಡ್ಡಪಟ್ಟಿಯ ಶಿಲುಬೆ, ಮೇರಿಯ ಚಿತ್ರ, ಹೂವು, ಒಬ್ಬ ಬುದ್ಧ, ಮತ್ತೆ ಯಾವುದೋ ಅಲಂಕಾರದ ಅಂಗಡಿಯಿಂದ ತಂದ ಗಣೇಶ.

"ನಮ್ಮೋನು ಇಲ್ಲೂ ಹಾಜರು" ಎಂದರು ಅವರು. "ನಿಮ್ಮೋರು ಯಾರೂ ಕಾಣ್ತಿಲ್ವಲ್ಲ ಸಾಹೇಬ್ರೆ?"

"ನಮ್ಮೋರು ಫೋಟೋ ತೆಗೆಸಲ್ಲ ಸರ್" ಎಂದೆ.

ಮೊದಲು ಸಂದರ್ಶನ. ಚರ್ಚನ್ನು ನಡೆಸುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ಗಾಡ್‌ಮದರ್ ಎನ್ನುತ್ತಿದ್ದರು. ಬಿಳಿ ಕೂದಲು, ಬಿಳಿ ಉಡುಪು, ದೊಡ್ಡ ಕೈಗಳು. ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ನಮ್ಮಿಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿಕೊಂಡು, ಇಂಗ್ಲಿಷಿನಲ್ಲಿ, ಅವರನ್ನು ಕೇಳಿದರು: "ನೀವು ಏನೇನು ತೆಗೆದುಕೊಳ್ಳುತ್ತಿದ್ದೀರಿ?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

"ಬಿಪಿ ಮಾತ್ರೆ. ಒಂದೇ."

ಗಾಡ್‌ಮದರ್ ನಿಧಾನವಾಗಿ ವಿವರಿಸಿದರು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿವೆ, ಅವು ದೇಹದಲ್ಲಿರುವಾಗ ಈ ಕಷಾಯ ಸೇರಿದರೆ ಜ್ವರ, ನಡುಕ, ಮೈ ಸೆಟೆಯುವುದು, ಜೀವವೇ ಹೋಗಬಹುದು. ಅವನ್ನು ತೆಗೆದುಕೊಳ್ಳುವವರಿಗೆ ನಾವು ಕೊಡುವುದಿಲ್ಲ. ನಮಗಾಗಿ ನಿಮ್ಮ ಮಾತ್ರೆ ನಿಲ್ಲಿಸಿ ಎಂದೂ ಹೇಳುವುದಿಲ್ಲ. ಅಂಥವರು ಸುಮ್ಮನೆ ಬಂದು ಹಾಡಿಗೆ ಕೂರಬಹುದು, ಯಾರೂ ಬೇಡ ಎನ್ನುವುದಿಲ್ಲ. ಇಷ್ಟು ಹೇಳಿ ಮತ್ತೆ ಕೇಳಿದರು: "ನಿದ್ದೆಗೆ? ಮನಸ್ಸಿಗೆ? ಏನೂ ಇಲ್ಲವೆ?"

ಅವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ, "ಏನೂ ಇಲ್ಲ" ಎಂದರು. ಕಣ್ಣು ಬೂಟಿಗೆ ಹೋಯಿತು.

ನಾನು ನೋಡಿದ್ದು ಇಷ್ಟೆ. ನಾನು ಅಲ್ಲಿ ಕೂತಿರದಿದ್ದರೆ ಅವರು ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಡುತ್ತಿದ್ದರೆಂದು ನನಗೆ ಈಗಲೂ ಅನಿಸುತ್ತದೆ. ಎಲ್ಲಿಯೋ ಇರುವ ಅಮೆರಿಕನ್ ಹೆಂಗಸಿಗೆ ಹೇಳುವುದು ಸುಲಭ. ಗೋಡೆಯಾಚೆ ಇರುವ, ಯುಗಾದಿ ಊಟಕ್ಕೆ ಬರುವ, ಮೈಸೂರಿನಲ್ಲಿ ಮನಸ್ಸಿಗೆ ಮಾತ್ರೆ ಎಂದರೆ ಜನ ಯಾವ ಮುಖ ಮಾಡುತ್ತಾರೆಂದು ತಿಳಿದಿರುವ ನನ್ನ ಮುಂದೆ ಹೇಳುವುದು ಬೇರೆ. ನಾನು ಅಲ್ಲಿ ಕೂತದ್ದು, ಸುರಕ್ಷತೆಗಾಗಿ ಜೊತೆಗೆ ಒಬ್ಬರಿರಲಿ ಎಂದು ಚರ್ಚು ಮಾಡಿದ್ದ ನಿಯಮದಿಂದ.

ಮಧ್ಯಾಹ್ನ ಪೂಜೆ ಶುರುವಾಯಿತು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಎಲ್ಲರೂ ಬಿಳಿ ಬಟ್ಟೆಯಲ್ಲಿ. ಇವರು ಬಿಳಿ ಪಂಚೆ, ಬಿಳಿ ಅಂಗಿ. ಬೂಟು ಬಾಗಿಲಲ್ಲೇ ಬಿಟ್ಟಿದ್ದರು. ಉಳಿದ ಯಾರೂ ಬಿಟ್ಟಿರಲಿಲ್ಲ. ಅರ್ಥವಾಗದ ಪೋರ್ಚುಗೀಸ್ ಹಾಡುಗಳು, ಗಿಟಾರ್, ಸಣ್ಣ ಗಿಲಕಿಗಳು. ನಾನು ಕಿಟಕಿಯ ಬಳಿಯ ಬೆಂಚಿನಲ್ಲಿದ್ದೆ. ಸಾಲು ಮುಂದೆ ಸರಿಯಿತು. ಪ್ರತಿಯೊಬ್ಬರೂ ಗಾಡ್‌ಮದರ್ ಕೈಯಿಂದ ಸಣ್ಣ ಗಾಜಿನ ಲೋಟ ತೆಗೆದುಕೊಂಡು, ಮುಖ ಕಿವುಚಿ ಕುಡಿದು, ಶಿಲುಬೆಯ ಗುರುತು ಮಾಡಿ ಮುಂದೆ ಹೋಗುತ್ತಿದ್ದರು.

ಅವರ ಸರದಿ ಹತ್ತಿರವಾಯಿತು. ನನಗೆ ಗೊತ್ತಿದ್ದದ್ದು ಒಂದು ನೋಟ ಮಾತ್ರ. ಒಂದು ನೋಟವನ್ನು ನಂಬಿ ಮನುಷ್ಯನ ಗುಟ್ಟನ್ನು ತುಂಬಿದ ಸಭೆಯಲ್ಲಿ ಕೂಗಿ ಹೇಳಬಹುದೆ? ಕೂಗದೆ ಇದ್ದು, ಅವರು ನನ್ನ ಕಣ್ಣೆದುರು ಸೆಟೆದು ಬಿದ್ದರೆ? ನಾನು ಎದ್ದೆ. ಗಿಟಾರಿನವನನ್ನು ದಾಟಿ ಹೋಗಿ ಅವರ ಬೆನ್ನ ಹಿಂದೆ ನಿಂತು, "ಸರ್, ಬೇಡ. ದಯವಿಟ್ಟು ಬೇಡ" ಎಂದೆ.

ಅವರು ತಿರುಗಲಿಲ್ಲ. "ಕೂತ್ಕೊಳಿ ಸಾಹೇಬ್ರೆ. ನಂಗೆ ಗೊತ್ತು."

ನಮ್ಮ ಈ ಮಾತನ್ನು ಪ್ರಾರ್ಥನೆ ಎಂದುಕೊಂಡ ಯಾರೋ "ಆಮೆನ್" ಎಂದರು.

ಆಮೇಲೆ ಅವರು ಮಾಡಿದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ಗಾಡ್‌ಮದರ್ ಲೋಟ ಚಾಚಿದರು. ಅವರು ಲೋಟ ತೆಗೆದುಕೊಳ್ಳಲಿಲ್ಲ. ಎಡಗೈ ಮೇಲೆ ಬಲಗೈ ಇಟ್ಟು, ಅಂಗೈ ಗುಳಿ ಮಾಡಿ, ತಲೆ ಬಗ್ಗಿಸಿ ನಿಂತರು. ಬಸವನಗುಡಿಯ ಗೆಳೆಯರೊಂದಿಗೆ ದೇವಸ್ಥಾನದ ಬಾಗಿಲವರೆಗೆ ಹೋಗುತ್ತಿದ್ದ ನನಗೆ ಅದು ತೀರ್ಥಕ್ಕೆ ಒಡ್ಡುವ ಕೈ ಎಂದು ತಿಳಿಯಿತು. ಗಾಡ್‌ಮದರ್ ಒಂದು ಕ್ಷಣ ತಡೆದರು. ಆ ಚರ್ಚಿನಲ್ಲಿ ಯಾರ ಭಕ್ತಿಯನ್ನೂ ತಪ್ಪು ಎನ್ನುವ ರೂಢಿಯಿಲ್ಲ. ಅಂಗೈಗೆ ಸ್ವಲ್ಪ ಸುರಿದರು. ಅವರು ಕೈಯನ್ನು ಬಾಯಿಯ ಹತ್ತಿರಕ್ಕೆ ತಂದರು. ತುಟಿಗೆ ಮುಟ್ಟುವ ಮೊದಲೇ ಕೈ ಮೇಲೇರಿತು. ಅಷ್ಟನ್ನೂ ನೆತ್ತಿಗೆ ಒರೆಸಿಕೊಂಡರು.

ಕಂದು ನೀರು ಕಿವಿಯ ಹಿಂದಿನಿಂದ ಇಳಿದು ಅಂಗಿಯ ಕಾಲರಿಗೆ ಹತ್ತಿತು. ಒಳಗೆ ಏನೂ ಹೋಗಲಿಲ್ಲ.

ಆ ಮಧ್ಯಾಹ್ನ ಅಲ್ಲಿ ವಾಂತಿ ಮಾಡಿದವರಿದ್ದರು, ನಕ್ಕವರಿದ್ದರು, ನೆಲಕ್ಕೆ ಹಣೆ ಹಚ್ಚಿದವರಿದ್ದರು. ಎಲ್ಲರಿಗಿಂತ ಜೋರಾಗಿ ಅತ್ತವರು ಏನನ್ನೂ ಕುಡಿಯದ ಅವರು. ಬಾಯಿ ತೆರೆದು, ಭುಜ ಕುಲುಕಿ, ಹೆಂಡತಿಯ ಹೆಸರು ಕೂಗಿ ಅತ್ತರು. ಅತ್ತು ಮುಗಿಸಿ ಪಕ್ಕದವನಿಗೆ ಬಕೆಟ್ ಹಿಡಿದರು. ಮುಗಿದ ಮೇಲೆ ಜನ ಅವರ ಕೈ ಹಿಡಿದು, "ಮೊದಲ ಸಲಕ್ಕೇ ಎಷ್ಟು ಆಳಕ್ಕೆ ಹೋದಿರಿ!" ಎಂದರು. ಅವರು ವಿನಯದಿಂದ ತಲೆ ಬಗ್ಗಿಸಿದರು.

ಹಿಂತಿರುಗುವಾಗ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಲು ಹೇಳಿ, ರೆಸ್ಟ್ ರೂಮಿನ ನಲ್ಲಿಯ ಕೆಳಗೆ ತಲೆ ಹಿಡಿದು ತೊಳೆದುಕೊಂಡು ಬಂದರು.

"ನನ್ ಕೂದಲಿಗೆ ಈಗ ದೇವ್ರು ಕಾಣ್ತಿರ್ಬೇಕು" ಎಂದರು.

"ಸರ್, ಯಾವ್ ಮಾತ್ರೆ?"

"ಬಿಪಿದು ಸಾಹೇಬ್ರೆ. ಹೇಳ್ದೆನಲ್ಲ." ಬೂಟು ನೋಡಿಕೊಂಡರು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದೆರಡು ತಿಂಗಳಲ್ಲಿ ಅವರು ಮತ್ತೆ ಹೊರಟರು, ನಾನೂ ಹೋದೆ. ಈ ಸಲವೂ ಅದೇ ಸಾಲು, ಅದೇ ಒಡ್ಡಿದ ಅಂಗೈ. ಗಾಡ್‌ಮದರ್ ಅವರಿಗೆ ಮಾತ್ರ ಪಕ್ಕದ ಒಂದು ಸಣ್ಣ ಹೂಜಿಯಿಂದ ಸುರಿದರು. ವಯಸ್ಸಾದವರಿಗೆ ಬೇರೆ ಹದವೇನೋ ಎಂದುಕೊಂಡೆ. ಅವರು ಅಂಗೈಯನ್ನು ಮೂಗಿನ ಬಳಿ ತಂದು ತಡೆದರು. ತಲೆ ಎತ್ತಿ ಗಾಡ್‌ಮದರ್ ಮುಖವನ್ನು ನೋಡಿದರು. ಆಮೇಲೆ ಕುಡಿದರು. ಗಂಟಲು ಆಡಿದ್ದನ್ನು ನಾನು ಕಂಡೆ. ಕುಡಿದು, ಜೀವನದಲ್ಲಿ ಯಾರ ಮನೆಯಲ್ಲೂ ಎರಡನೆಯ ಲೋಟ ಮುಟ್ಟದವರು, ಮತ್ತೆ ಅಂಗೈ ಒಡ್ಡಿದರು.

ಸಂಜೆಯವರೆಗೆ ನಾನು ಅವರ ಮೇಲಿಂದ ಕಣ್ಣು ತೆಗೆಯಲಿಲ್ಲ. ಜ್ವರ, ನಡುಕ, ಸೆಟೆತ. ಹಾಡಿನ ನಡುವೆ ಹೋಗಿ, ಬೆವರು ಒರೆಸುವ ನೆಪದಲ್ಲಿ ಹಣೆ ಮುಟ್ಟಿದೆ.

"ಏನ್ ಸಾಹೇಬ್ರೆ, ಜ್ವರ ನೋಡ್ತಿದೀರಾ?"

"ಇವತ್ತು ಒಳಗ್ ಹೋಯ್ತಲ್ಲ ಸರ್."

"ಹೋಯ್ತು."

"ಮತ್ತೆ?"

"ಮತ್ತೇನು? ಹಾಡು ತಪ್ಪತ್ತೆ, ಹೋಗಿ ಕೂತ್ಕೊಳಿ."

ಏನೂ ಆಗಲಿಲ್ಲ. ನನ್ನ ಹೆದರಿಕೆ ಮಾತ್ರ ಎರಡಾಯಿತು. ಮಾತ್ರೆಯ ಜೊತೆಗೆ ಇದನ್ನು ಕುಡಿಯುತ್ತಿದ್ದರೆ ಒಂದಲ್ಲ ಒಂದು ಸಲ ನನ್ನ ಎದುರೇ ಬೀಳುತ್ತಾರೆ. ಕುಡಿಯಲೆಂದು ಮಾತ್ರೆಯನ್ನೇ ಬಿಟ್ಟಿದ್ದರೆ, ಗಡ್ಡ ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದ ಆ ಮನುಷ್ಯ ವಾಪಸ್ಸು ಬರುತ್ತಾನೆ. ಎರಡರಲ್ಲಿ ಯಾವುದು ಎಂದು ಎಷ್ಟೋ ಸಲ ಕೇಳಲು ಹೋಗಿ, ಹವೆಯ ಬಗ್ಗೆ ಮಾತಾಡಿ ಬಂದೆ. ಮುಂದಿನ ಎರಡು ವರ್ಷ ಅವರು ಕರೆದಾಗಲೆಲ್ಲ ಹೋದೆ. ಮಿಕ್ಕ ದಿನ ಬೆಳಗ್ಗೆ ಗೋಡೆಗೆ ಕಿವಿಯಿಟ್ಟು ನಲ್ಲಿಯ ಸದ್ದಿಗೆ ಕಾದೆ. ಅವರು ಮಾತ್ರ ದಿನೇ ದಿನೇ ಗೆಲುವಾಗುತ್ತಿದ್ದರು. ಸಂಘದ ಊಟದಲ್ಲಿ 'ಒಳಗ್ ಹೋಗಿದ್ದೆಲ್ಲಾ' ಎಂದು ಜನರನ್ನು ಮತ್ತೆ ಗದರುತ್ತಿದ್ದರು.

ಚರ್ಚಿನಲ್ಲಿ ಇನ್ನೊಂದು ಬದಲಾವಣೆ ಕಂಡೆ. ಮೊದಲು ಒಬ್ಬ, ಆಮೇಲೆ ನಾಲ್ಕಾರು ಜನ, ಕೊನೆಗೆ ಸಾಲಿನ ಅರ್ಧ ಜನ ಲೋಟ ಬಿಟ್ಟು ಅಂಗೈ ಒಡ್ಡತೊಡಗಿದರು. ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಳ್ಳುವರು. ಹೊಸಬರಿಗೆ ಯಾರೋ, "ಇದು ಭಾರತದ ನಮ್ಮ ಸೋದರ ಕಲಿಸಿದ ಪ್ರಾಚೀನ ಪದ್ಧತಿ" ಎಂದು ವಿವರಿಸುತ್ತಿದ್ದರು. ಅದು ನಿಜವೇ. ಸೋದರರು ಕಣ್ಣು ಮುಚ್ಚಿ ಹಾಡುತ್ತಿದ್ದರು.

ಅವರು ತೀರಿಕೊಂಡ ಎರಡನೆಯ ದಿನ ಮಗಳು ಫೋನ್ ಮಾಡಿದಳು. ಅವಳೂ ಗಂಡನೂ ಅಪ್ಪನ ಮನೆಯಿಂದ ಬಟ್ಟೆ, ಕಾಗದ ಒಯ್ಯಲು ಗೈದರ್ಸ್‌ಬರ್ಗಿಗೆ ಬಂದಿದ್ದರು. ಗೋಡೆಯಾಚೆಯಿಂದಲೇ ಫೋನ್.

"ಅಂಕಲ್, ಸ್ವಲ್ಪ ಬರ್ತೀರಾ? ಐ ನೀಡ್ ಟು ಆಸ್ಕ್ ಯು ಸಮ್‌ಥಿಂಗ್."

ಹಾಸಿಗೆಯ ಮೇಲೆ ಬಿಳಿ ಅಂಗಿಗಳನ್ನು ಹರಡಿದ್ದಳು. ಎಲ್ಲದರ ಕಾಲರಿನ ಮೇಲೂ ಕಂದು ಕಲೆ. ಪಕ್ಕದಲ್ಲಿ ಒಂದು ಮಾತ್ರೆಯ ಬಾಟಲಿ. ಅದರ ಮೇಲೆ ಅವರ ಹೆಸರಿತ್ತು, ಹೋದ ತಿಂಗಳು ತುಂಬಿಸಿದ್ದು. ಖಿನ್ನತೆಯ ಮಾತ್ರೆ, ಗಾಡ್‌ಮದರ್ ಹೇಳಿದ್ದ ಜಾತಿಯದೇ.

"ಇದು ನಿಮಗೆ ಗೊತ್ತಿತ್ತಾ? ಆಮೇಲೆ ಈ ಸ್ಟೇನ್ಸ್ ಏನು? ಅಮ್ಮಂದು ಕಾಫಿ ಫಿಲ್ಟರ್ ಎಲ್ಲೂ ಇಲ್ಲ. ಅಪ್ಪ ಏನ್ ಮಾಡ್ತಿದ್ರು ಅಂಕಲ್?"

ನಾನು ಕಂಡದ್ದನ್ನೆಲ್ಲ ಹೇಳಿದೆ. ಮಾತ್ರೆ ಬಿಟ್ಟಿರಲಿಲ್ಲ. ಕುಡಿದದ್ದನ್ನೂ ನಾನು ನೋಡಿದ್ದೇನೆ. ಹಾಗಿದ್ದರೆ ಆ ಎರಡು ವರ್ಷ ಅವರು ಬದುಕಿದ್ದು ಹೇಗೆ? ಆ ಸಾವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮೇಲೆ ಬರೆದಿದ್ದೇನೆ. ಆ ದಿನ ಹಾಗೆ ಬರೆಯುವ ಧೈರ್ಯ ನನಗಿರಲಿಲ್ಲ.

ವೈಕುಂಠ ಸಮಾರಾಧನೆ ಫೋರ್ಟ್ ಮಿಲ್‌ನಲ್ಲಿ ಮಗಳ ಬಡಾವಣೆಯ ಕ್ಲಬ್ ಹೌಸಿನಲ್ಲಿ ನಡೆಯಿತು. ಮೇರಿಲ್ಯಾಂಡಿನಿಂದ ನಾವು ಒಂದಷ್ಟು ಜನ ಹೋಗಿದ್ದೆವು. ಸಂಘದ ಅಧ್ಯಕ್ಷರು ಎದ್ದು, "ಜೀವಮಾನದಲ್ಲಿ ಒಂದು ಚಟ ಇಲ್ಲ. ಕಾಫಿ ಕೂಡ ಒಂದೇ ಲೋಟ. ಬೇಡದ್ದು ಏನೂ ಅವರ ಬಾಯಿಗೆ ಹೋಗಿದ್ದಿಲ್ಲ" ಎಂದರು. ಚರ್ಚಿನಿಂದ ಬಂದಿದ್ದವರೂ ಒಬ್ಬರು ಮಾತಾಡಿದರು: "ನಮ್ಮಲ್ಲಿ ಅವರಷ್ಟು ದೂರ ಹೋದವರು ಇನ್ನೊಬ್ಬರಿಲ್ಲ." ಸಂಘದವರು ಅದನ್ನು ಸ್ವರ್ಗಕ್ಕೆ ಹೋದರೆಂದು ತಿಳಿದು ತಲೆಯಾಡಿಸಿದರು. ಎರಡು ಕಡೆಯವರೂ ಬಿಳಿ ಬಟ್ಟೆಯಲ್ಲಿದ್ದುದರಿಂದ ಯಾರು ಯಾರ ಕಡೆ ಎಂದು ಹೇಳುವುದು ಕಷ್ಟವಾಗಿತ್ತು.

ಪುರೋಹಿತರು ತೀರ್ಥ ಕೊಡತೊಡಗಿದರು. ಗಾಡ್‌ಮದರ್ ಸಾಲಿನಲ್ಲಿ ಬಂದು, ಎಡಗೈ ಮೇಲೆ ಬಲಗೈ ಇಟ್ಟು ಒಡ್ಡಿ, ಸದ್ದಿಲ್ಲದೆ ಕುಡಿದು, ಕೈಯನ್ನು ನೆತ್ತಿಗೆ ಒರೆಸಿಕೊಂಡರು. ನನ್ನ ಹಿಂದೆ ಒಬ್ಬ ಆಂಟಿ, "ನೋಡ್ರೀ, ಎಷ್ಟ್ ಕರೆಕ್ಟಾಗಿ ತಗೊಂಡ್ರು! ನಮ್ಮನೆ ಹುಡುಗ್ರು ಸ್ಟ್ರಾ ಕೇಳ್ತಾವೆ" ಎಂದರು.

ಜನ ಊಟಕ್ಕೆ ಎದ್ದಾಗ ಗಾಡ್‌ಮದರ್ ನಮ್ಮ ಬಳಿ ಬಂದರು. ಕೈಚೀಲದಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ವಸ್ತು ತೆಗೆದು ಮಗಳ ಕೈಗಿಟ್ಟರು. ಹಿತ್ತಾಳೆಯ ಫಿಲ್ಟರ್.

"ಇದು ನಿಮ್ಮ ಮನೆಯದಿರಬೇಕು."

ಮಗಳು ಮುಚ್ಚಳ ತೆಗೆದಳು. ಅದರ ವಾಸನೆ ನನಗೂ ಬಂತು.

"ಮೊದಲ ದಿನ ನಾನು ಕೇಳಿದಾಗ ಅವರು ಬೂಟು ನೋಡಿಕೊಂಡರು" ಎಂದರು ಗಾಡ್‌ಮದರ್. "ಆಸ್ಪತ್ರೆಯಲ್ಲಿ ಜೀವನವಿಡೀ ಇದೇ ಪ್ರಶ್ನೆ ಕೇಳಿದವಳು ನಾನು, ಆ ನೋಟ ಗೊತ್ತು. ಅದಕ್ಕೇ ಆ ದಿನ ಲೋಟದಲ್ಲಿ ಒಂದು ಗುಟುಕಿಗೂ ಕಡಿಮೆ ಹಾಕಿದ್ದೆ. ಅದನ್ನೂ ತಲೆಗೆ ಒರೆಸಿಕೊಂಡಾಗ ಖಚಿತವಾಯಿತು. ಮುಂದಿನ ಸಲ ಕೊಡುವುದಿಲ್ಲ ಎಂದರೆ ಸಾಲಿನ ಎದುರು ಅವಮಾನ. ಮತ್ತೆ ಕೇಳಿದರೆ ಬರುವುದನ್ನೇ ಬಿಡುತ್ತಾರೆ. ಅಡುಗೆಮನೆಯಲ್ಲಿ ಆರಿದ ಕಾಫಿ ಇತ್ತು, ಅದನ್ನೇ ಸುರಿದೆ."

"ಸಣ್ಣ ಹೂಜಿ" ಎಂದೆ ನಾನು.

"ಹೌದು. ಅದರ ಮುಂದಿನ ಸಲ ಅವರು ಇದನ್ನೂ ಒಂದು ಪುಡಿಯ ಪೊಟ್ಟಣವನ್ನೂ ತಂದರು. ನೀರು ಎಷ್ಟು ಕಾಯಬೇಕು, ಎಷ್ಟು ಹೊತ್ತು ಇಳಿಯಲು ಬಿಡಬೇಕು, ನಿಂತು ಕಲಿಸಿದರು. ನಮ್ಮ ಕಾಫಿ ಕುಡಿಯುವ ಹಾಗಿಲ್ಲ ಎಂದರು. ಬೇರೇನೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ."

ಮಗಳು ಫಿಲ್ಟರಿನ ಮುಚ್ಚಳ ಮುಚ್ಚಿದಳು.

"ವೇಟ್. ಅಪ್ಪ ಕಾಫಿ ಕುಡಿಯೋಕೆ ಮೇರಿಲ್ಯಾಂಡಿಂದ ಇಲ್ಲೀವರೆಗೂ ಡ್ರೈವ್ ಮಾಡ್ತಿದ್ರಾ?"

ಅವಳಿಗೆ ನಗು ಬಂತು. ನಗು ನಿಲ್ಲದೆ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು. ಎರಡು ವರ್ಷ ಹಣೆ ಮುಟ್ಟಿ ಜ್ವರ ನೋಡಿದ್ದ ನಾನು ಅವಳ ಕೈಯಿಂದ ಜಾರುತ್ತಿದ್ದ ಫಿಲ್ಟರನ್ನು ಹಿಡಿದುಕೊಂಡೆ.

ಮರುದಿನ ಬೆಳಗ್ಗೆ ನಾವು ಹೊರಡುವ ಮೊದಲು ಅವಳು ಆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿದಳು. ಹಾಲು ಕಾಯುವಾಗ ಸಿಂಕಿನ ಬಳಿಯ ಕಪಾಟಿನಿಂದ ಒಂದು ಬಾಟಲಿ ತೆಗೆದು, ಒಂದು ಮಾತ್ರೆ ಅಂಗೈಗೆ ಹಾಕಿಕೊಂಡಳು.

ಆ ಮನೆಯಲ್ಲಿ ಆ ಪ್ರಶ್ನೆ ಕೇಳುವವರು ಇನ್ಯಾರೂ ಉಳಿದಿರಲಿಲ್ಲ. "ಏನಮ್ಮಾ ತಗೋತಿದೀಯ?" ಎಂದೆ.

"ವಿಟಮಿನ್..." ಎಂದಳು. ಕಣ್ಣು ಕಾಲಿಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಇದ್ದು ಮೇಲೆ ಬಂತು.

"ಇಲ್ಲ ಅಂಕಲ್. ಅಪ್ಪಂದೇ ಮಾತ್ರೆ. ಸೇಮ್ ಒನ್. ಅಮ್ಮ ಹೋದಾಗಿಂದ. ನಾನು ಅಪ್ಪಂಗೆ ಹೇಳ್ಲೇ ಇಲ್ಲ."

ಮುಂದೆ ಅವರು ಏನು ಕೇಳುತ್ತಿದ್ದರೆಂದು ನನಗೆ ಗೊತ್ತಿತ್ತು.

"ಡೋಸ್ ಎಷ್ಟು?" ಎಂದೆ.

ಹೇಳಿದಳು.